ಮನೆಯಂಗಳದಲ್ಲಿ ಹುಟ್ಟಿದ ಹಾಯಿದೋಣಿ

ಹಾಯಿದೋಣಿಯಲ್ಲಿ ವಿಹರಿಸುವುದು ಸಿರಿವಂತರಿಗೆ ಮೀಸಲಾದ ವಿಲಾಸವೆಂಬ ಭಾವನೆ ಇಂಗ್ಲೆಂಡಿನಲ್ಲಿಯೂ ಬಹುಕಾಲ ಬೇರೂರಿತ್ತು. ಅದನ್ನು ಅಲುಗಿಸಿದ್ದು ಹನ್ನೊಂದು ಅಡಿಯೂ ತುಂಬದ ಒಂದು ಪ್ಲೈವುಡ್ ದೋಣಿ. ‘ಡೇಲಿ ಮಿರರ್’ ಪತ್ರಿಕೆಯ ಆಶ್ರಯದಲ್ಲಿ ಹುಟ್ಟಿದ್ದರಿಂದ ಅದಕ್ಕೆ ‘ಮಿರರ್’ ಎಂದೇ ಹೆಸರಾಯಿತು.

ಮನೆಗೆಲಸದ ಕುಶಲತೆಯನ್ನು ಟೆಲಿವಿಷನ್ನಿನಲ್ಲಿ ಕಲಿಸಿ ಜನಪ್ರಿಯರಾಗಿದ್ದ ಬ್ಯಾರಿ ಬಕ್ನೆಲ್ ಇದನ್ನು ಕಟ್ಟುವ ವಿಧಾನವನ್ನು ಯೋಚಿಸಿದರು. ನುರಿತ ವಿನ್ಯಾಸಕ ಜಾಕ್ ಹೋಲ್ಟ್ ಅದನ್ನು ತಿದ್ದಿ ರೂಪಿಸಿದರು. 1963ರಲ್ಲಿ ಬಿಡಿಭಾಗಗಳ ಕಟ್ಟು ಮಾರಾಟಕ್ಕೆ ಬಂದಾಗ ಬೆಲೆ 63 ಪೌಂಡ್ 11 ಷಿಲಿಂಗ್. ಕೊಂಡವರು ತಾವೇ ದೋಣಿಯನ್ನು ಕಟ್ಟಿಕೊಳ್ಳಬೇಕು!

ಕಟ್ಟುವ ಬಗೆಯಾದರೂ ಸರಳ. ಪ್ಲೈವುಡ್ ಹಲಗೆಗಳ ಅಂಚಿನಲ್ಲಿ ರಂಧ್ರ ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಸಂದುಗಳ ಮೇಲೆ ಗಾಜಿನ ನಾರಿನ ಪಟ್ಟಿಯನ್ನು ರಾಳದಿಂದ ಅಂಟಿಸುವುದು. ನಮ್ಮ ಪಶ್ಚಿಮ ಕರಾವಳಿಯವರೂ ಹಿಂದೆ ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿಯುತ್ತಿದ್ದರು. ಅಲ್ಲಿ ಹೊಲಿಗೆಯೇ ದೋಣಿಯ ಬಲ. ಇಲ್ಲಿ ಅಂಟು ಗಟ್ಟಿಯಾಗುವವರೆಗಿನ ಆಸರೆ.

ದೋಣಿಯ ಮೂತಿ ಚೂಪಾಗಿರದೆ ಕತ್ತರಿಸಿದಂತೆ ಮೊಂಡಾಗಿದೆ. ಇದರಿಂದ ಕಡಿಮೆ ಉದ್ದದಲ್ಲಿ ಹೆಚ್ಚು ಸ್ಥಳ ದೊರೆಯುತ್ತದೆ. ಹಾಯಿಮರವೂ ಗಿಡ್ಡ, ಅದಕ್ಕೆ ತಾಗಿ ಮೇಲೇರುವ ಇನ್ನೊಂದು ಕೋಲು ಕೆಂಪು ಹಾಯಿಗೆ ಎತ್ತರ ಕೊಡುತ್ತದೆ. ಎರಡನ್ನೂ ಬಿಚ್ಚಿದರೆ ದೋಣಿಯೊಳಗೇ ಅಡಗುತ್ತವೆ. ಒಡಲಿನ ತೂಕ ಸುಮಾರು 45 ಕಿಲೋಗ್ರಾಂ. ಇಬ್ಬರು ಎತ್ತಿ ಕಾರಿನ ಮೇಲೆ ಕಟ್ಟಿ ಒಯ್ಯಬಹುದು.

ನೀರಿಗಿಳಿದ ಮೇಲೆ? ಗಾಳಿ ಪಕ್ಕದಿಂದ ಬೀಸಿದಾಗ ದೋಣಿ ಅಡ್ಡಕ್ಕೆ ಸರಿಯದಂತೆ, ತಳದ ಸೀಳಿನಿಂದ ಇಳಿಬಿಟ್ಟ ಹಲಗೆ ತಡೆಯುತ್ತದೆ. ಗಾಳಿಯ ನೂಕು ಮುನ್ನಡೆಯಾಗುತ್ತದೆ. ಇದಿರುಗಾಳಿಗೆ ನೇರವಾಗಿ ಹೋಗಲಾಗದು. ಎಡಕ್ಕೂ ಬಲಕ್ಕೂ ಓರೆಯಾಗಿ ಹಾಯುತ್ತ ಸಾಗಬೇಕು. ಆಗ ಇದಿರಾಗುವ ಕಡಿದಾದ ಅಲೆಗಳನ್ನು ಮೊಂಡು ಮೂತಿ ಸೀಳಲಾರದೆ ಅಪ್ಪಳಿಸುತ್ತದೆ, ವೇಗ ಕುಗ್ಗುತ್ತದೆ. ಅನುಕೂಲಕ್ಕೆ ತೆರಬೇಕಾದ ಬೆಲೆಯಿದು.

ಆದರೆ ಮಕ್ಕಳನ್ನು ನೀರಿಗೆ ಕಳುಹಿಸುವ ತಾಯಿತಂದೆಯರಿಗೆ ವೇಗಕ್ಕಿಂತ ಮಿಗಿಲಾದ ಚಿಂತೆ ಇನ್ನೊಂದು: ಮಗುಚಿದರೆ ಗತಿಯೇನು? ಬದಿಗಳಲ್ಲಿಯೂ ಹಿಂದುಮುಂದಿನಲ್ಲಿಯೂ ಇರುವ ಗಾಳಿ ತುಂಬಿದ ಮುಚ್ಚುಗೂಡುಗಳೇ ಅದಕ್ಕೆ ಉತ್ತರ. ಇವು ಭದ್ರವಾಗಿರುವವರೆಗೆ ಮಗುಚಿದ ದೋಣಿಯೂ ತೇಲುತ್ತಿರುತ್ತದೆ. ಅದನ್ನು ಹಿಡಿದುಕೊಂಡು, ನೆಟ್ಟಗೆ ಮಾಡಿ, ಮತ್ತೆ ಏರಬಹುದು. ತೇಲುವ ಅಂಗಿಯನ್ನು ಮಾತ್ರ ಮರೆಯಬಾರದು.

ಇಂಥ ದೋಣಿಗಳು 70,000ಕ್ಕೂ ಮಿಕ್ಕಿ ನಿರ್ಮಾಣವಾದವು. 1997ರಲ್ಲಿ ಎ. ಜೆ. ಮೆಕಿನನ್ ಎಂಬ ಉಪಾಧ್ಯಾಯರು ಹಳೆಯದೊಂದು ಮಿರರ್ ಏರಿ ಇಂಗ್ಲೆಂಡಿನಿಂದ ಹೊರಟು, ನದಿ ಕಾಲುವೆಗಳನ್ನು ಹಾದು ಕಪ್ಪು ಸಮುದ್ರವನ್ನೇ ಮುಟ್ಟಿದರು. ಮನೆಯಂಗಳದಲ್ಲಿ ಹೊಲಿದ ಹಲಗೆಗಳಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕೆ?