ಹುಬ್ಬಳ್ಳಿಯ ಒತ್ತು ಎಲ್ಲಿ ಹೋಯಿತು?

ಅಂಕೋಲಾ ಬಳಿಯ ಬಾಳೆಗುಳಿ ಕ್ರಾಸ್‌ನಲ್ಲಿ ಕರಾವಳಿಯ ಹೆದ್ದಾರಿ ಬಿಟ್ಟು ತಿರುಗಿದರೆ ಯಲ್ಲಾಪುರ, ಕಲಘಟಗಿ ದಾಟಿ ಹುಬ್ಬಳ್ಳಿ ಸೇರಬಹುದು. ಈ ನಾಲ್ಕು ಊರುಗಳ ಹೆಸರನ್ನು ಒಂದರ ಕೆಳಗೊಂದು ತೋರಿಸುವ ಪ್ರೋಗ್ರಾಂ ಬರೆಯಲು ಪೈಥಾನ್ ಭಾಷೆಯಲ್ಲಿ ನಾಲ್ಕೇ ಸಾಲು ಸಾಕು. ಆದರೆ ಅದನ್ನು ಎಲ್ಲಿ ಬರೆಯುವುದು, ಹೇಗೆ ಓಡಿಸುವುದು? ಕಲಿಯಲು ಹೊರಟ ಮಕ್ಕಳಿಗೆ ಇಲ್ಲಿಯೂ ಎರಡು ದಾರಿಗಳಿವೆ.

ಒಂದು, ಐಡಿಇ. ಬರೆಯುವ ಜಾಗ, ತಪ್ಪು ಹುಡುಕುವ ಸಾಧನ, ಓಡಿಸುವ ಗುಂಡಿ ಎಲ್ಲವೂ ಇದರಲ್ಲಿ ಒಂದೇ ಕಡೆ ಸಿಗುತ್ತವೆ. 1983ರಲ್ಲಿ ಬಂದ ಟರ್ಬೊ ಪ್ಯಾಸ್ಕಲ್ ಈ ಅನುಕೂಲವನ್ನು ಜನಪ್ರಿಯಗೊಳಿಸಿತು. ಅದೇ ಕಂಪನಿಯ ಟರ್ಬೊ ಸಿ ಪ್ಲಸ್ ಪ್ಲಸ್‌ನ ನೀಲಿ ಪರದೆಯನ್ನು ಕಾಲೇಜಿನ ಲ್ಯಾಬ್‌ನಲ್ಲಿ ನೋಡಿದ ನೆನಪು ನಿಮ್ಮ ಅಪ್ಪ, ಅಮ್ಮನಿಗೆ ಇರಬಹುದು, ಕೇಳಿ ನೋಡಿ. ಪೈಥಾನ್ ಜೊತೆಗೆ ಐಡಲ್ ಎಂಬ ಪುಟ್ಟ ಐಡಿಇ ಉಚಿತವಾಗಿ ಬರುತ್ತದೆ.

ಇನ್ನೊಂದು, ಕಮಾಂಡ್ ಲೈನ್. ಯಾವುದಾದರೂ ಸರಳ ಎಡಿಟರ್‌ನಲ್ಲಿ ಬರೆದು ಫೈಲ್ ಉಳಿಸಬೇಕು. ಆಮೇಲೆ ಟರ್ಮಿನಲ್ ತೆರೆದು, ಪೈಥಾನ್ ಎಂದು ಟೈಪ್ ಮಾಡಿ, ಫೈಲಿನ ಹೆಸರು ಕೊಟ್ಟು ಎಂಟರ್ ಒತ್ತಬೇಕು. ಐಡಿಇಯ ಗುಂಡಿ ನಮ್ಮ ಪರವಾಗಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಕೈಯಾರೆ ಮಾಡಿದಾಗ ಫೈಲ್ ಎಲ್ಲಿದೆ, ಅದನ್ನು ಓದುವವರು ಯಾರು ಎಂಬುದು ತಿಳಿಯುತ್ತದೆ. ಹಳೆಯ, ಕಡಿಮೆ ಮೆಮೊರಿಯ ಕಂಪ್ಯೂಟರಿಗೂ ಇದು ಭಾರವಲ್ಲ.

ಕನ್ನಡದ ಮಕ್ಕಳು ಎಡವುವ ಜಾಗ ಇನ್ನು ಮುಂದಿದೆ. ಎಡಿಟರ್‌ನಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ 'ಹುಬ್ಬಳ್ಳಿ' ಎಷ್ಟೋ ಟರ್ಮಿನಲ್‌ಗಳಲ್ಲಿ ಒತ್ತು ಕಳಚಿ, ಕೊಂಬು ದೂರ ಸರಿದು ಚೂರುಚೂರಾಗಿರುತ್ತದೆ. ಕೆಲವೊಮ್ಮೆ ಬರಿಯ ಚೌಕಗಳೇ ಕಾಣುತ್ತವೆ. ಕಾರಣ ಇಷ್ಟೇ: ಇಂಗ್ಲಿಷ್ ಅಕ್ಷರಗಳಿಗೆಂದು ಬೆಳೆದ ಟರ್ಮಿನಲ್, ಪರದೆಯನ್ನು ಚೌಕುಳಿಗಳಾಗಿ ಭಾಗಿಸಿ ಒಂದೊಂದು ಮನೆಗೆ ಒಂದೊಂದು ಅಕ್ಷರ ಕೂರಿಸುತ್ತದೆ. ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ ಹುಬ್ಬಳ್ಳಿ ಯುನಿಕೋಡ್‌ನಲ್ಲಿ ಒಂಬತ್ತು ಸಂಕೇತಗಳ ಸಾಲು. ಅವನ್ನು ಕೂಡಿಸಿ ಬರೆಯುವ ಕಲೆ ಎಲ್ಲ ಟರ್ಮಿನಲ್‌ಗಳಿಗೂ ಬಾರದು. ಕೆಲವು ದೊಡ್ಡ ಐಡಿಇಗಳಲ್ಲಿ ಫಲಿತಾಂಶ ತೋರಿಸುವ ಕೆಳಗಿನ ಭಾಗವೂ ಒಂದು ಟರ್ಮಿನಲ್ಲೇ. ಹಾಗಾಗಿ ಮೇಲೆ ನೆಟ್ಟಗಿರುವ ಪದ ಕೆಳಗೆ ಒಡೆದಿರುತ್ತದೆ.

ಇದನ್ನು ಕಂಡ ಮಗು, ತನ್ನ ಪ್ರೋಗ್ರಾಂ ತಪ್ಪು ಎಂದೋ, ಕನ್ನಡ ಕಂಪ್ಯೂಟರಿಗೆ ಒಗ್ಗದು ಎಂದೋ ತಿಳಿದು ಊರುಗಳ ಹೆಸರನ್ನು ಇಂಗ್ಲಿಷಿಗೆ ಬದಲಿಸಿಬಿಡಬಹುದು. ಅದರ ಅಗತ್ಯವಿಲ್ಲ. ಫಲಿತಾಂಶವನ್ನು ಪರದೆಯ ಬದಲು ಯುಟಿಎಫ್-8 ರೂಪದ ಫೈಲ್‌ಗೆ ಬರೆಸಿ, ಎಡಿಟರ್‌ನಲ್ಲಿ ತೆರೆದು ನೋಡಿ. ಅಲ್ಲಿ ಒತ್ತು, ಕೊಂಬು ಎಲ್ಲವೂ ಸ್ವಸ್ಥಾನದಲ್ಲಿರುತ್ತವೆ. ಕೆಟ್ಟಿದ್ದು ತೋರಿಸುವ ಕಿಟಕಿಯೇ ಹೊರತು ಬರಹವಲ್ಲ. 2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗಂತೂ 'ಊರು', 'ದೂರ' ಎಂದು ಕನ್ನಡದಲ್ಲೇ ಚರಗಳಿಗೆ ಹೆಸರಿಡಬಹುದು.

ಆರಂಭಕ್ಕೆ ಐಡಿಇ ಒಳ್ಳೆಯದು. ತಪ್ಪು ಬೇಗ ಸಿಗುತ್ತದೆ, ಉತ್ಸಾಹ ಉಳಿಯುತ್ತದೆ. ಆದರೆ ವಾರಕ್ಕೊಮ್ಮೆಯಾದರೂ ಅದೇ ಪ್ರೋಗ್ರಾಂ ಅನ್ನು ಕಮಾಂಡ್ ಲೈನ್‌ನಿಂದ ಓಡಿಸಿ. ಗುಂಡಿ ಕೆಲಸ ಮಾಡದ ದಿನ ತಪ್ಪು ಎಲ್ಲಿದೆಯೆಂದು ನೀವೇ ಹುಡುಕಬಲ್ಲಿರಿ.

ಈಗೊಂದು ಕೆಲಸ. ಪದದ ಉದ್ದ ಹೇಳುವ 'ಲೆನ್' ಆದೇಶವನ್ನು ಪೈಥಾನ್‌ಗೆ ಕೊಡಿ. ಹುಬ್ಬಳ್ಳಿಗೆ 9, ಬಾಳೆಗುಳಿಗೆ 8 ಎನ್ನುತ್ತದೆ. ನಿಮ್ಮೂರಿಗೆ ಎಷ್ಟು? ಮೊದಲು ಕೈಯಲ್ಲಿ ಎಣಿಸಿ, ಆಮೇಲೆ ಕೇಳಿ.