ಕಡಲಹುಲ್ಲಿಗೆ ಗೊಬ್ಬರ ಹಾಕೋರು ಯಾರು?

ಇವತ್ತು ಲಕ್ಷದ್ವೀಪಕ್ಕೆ ಹೋಗೋಣ. ಬೀಚ್ ನೋಡೋಕಲ್ಲ, ಅಲ್ಲಿನ ಕಡಲ ತಳದ ಮರಳಿನೊಳಗೆ ಇಣುಕೋಕೆ.

ಅಲ್ಲಿನ ಲಗೂನ್‌ಗಳ, ಅಂದ್ರೆ ಹವಳದ ದಿಬ್ಬ ಸುತ್ತುವರಿದ ಆಳವಿಲ್ಲದ ಕಡಲಿನ, ಫೋಟೋ ನೋಡಿರ್ತೀರಿ. ಗಾಜಿನಷ್ಟು ತಿಳಿ ನೀರು. ಅದು ಅಷ್ಟು ತಿಳಿಯಾಗಿರೋದಕ್ಕೆ ಒಂದು ಕಾರಣ ಬಡತನ. ನೀರಲ್ಲಿ ಸಾರಜನಕ, ರಂಜಕದಂಥ ಪೋಷಕಾಂಶ ತೀರಾ ಕಡಿಮೆ, ಹಾಗಾಗಿ ತೇಲುವ ಪಾಚಿ ಹೆಚ್ಚು ಬೆಳೆಯಲ್ಲ. ಆದ್ರೂ ತಳದಲ್ಲಿ ಹಸಿರು ಹುಲ್ಲುಗಾವಲು ಇರುತ್ತೆ. ಅದೇ ಕಡಲಹುಲ್ಲು, ಸೀಗ್ರಾಸ್. ಇದು ಪಾಚಿ ಅಲ್ಲ. ಬೇರು, ಎಲೆ, ಹೂವು, ಬೀಜ ಎಲ್ಲಾ ಇರೋ ಗಿಡ.

ಹಾಗಾದ್ರೆ ಇದಕ್ಕೆ ಗೊಬ್ಬರ ಎಲ್ಲಿಂದ?

ಬೇರಿನ ಸುತ್ತ ಇರೋ ಬ್ಯಾಕ್ಟೀರಿಯಾಗಳಿಂದ. ಕೆಲವು, ಉದುರಿದ ಎಲೆಯನ್ನ ಕೊಳೆಸಿ ಪೋಷಕಾಂಶವನ್ನ ವಾಪಸ್ ಕೊಡ್ತವೆ. ಇನ್ನು ಕೆಲವು ಹೊಸ ಸಾರಜನಕವನ್ನೇ ತರ್ತವೆ. ಗಾಳಿಯಲ್ಲಿ ಶೇ 78ರಷ್ಟು ಸಾರಜನಕ ಇದೆ, ನೀರಲ್ಲೂ ಅದು ಕರಗಿದೆ. ಆದ್ರೆ ಅನಿಲ ರೂಪದಲ್ಲಿ ಗಿಡಕ್ಕೆ ಅದು ಉಪಯೋಗಕ್ಕೆ ಬರಲ್ಲ. ಈ ಬ್ಯಾಕ್ಟೀರಿಯಾಗಳು ಅದನ್ನ ಅಮೋನಿಯಂ ಆಗಿ ಬದಲಿಸ್ತವೆ. ತೊಗರಿ, ಶೇಂಗಾ ಬೇರಿನ ಗಂಟುಗಳಲ್ಲಿ ನಡೆಯೋದೂ ಇದೇ.

ಈ ಕೆಲಸಕ್ಕೆ ತುಂಬಾ ಶಕ್ತಿ ಬೇಕು. ಅದನ್ನ ಕೊಡೋದು ಹುಲ್ಲು. ಎಲೆ ಬಿಸಿಲಲ್ಲಿ ಸಕ್ಕರೆ ಮಾಡುತ್ತೆ, ಅದರಲ್ಲಿ ಸ್ವಲ್ಪ ಬೇರಿನಿಂದ ಹೊರಗೆ ಸೋರುತ್ತೆ, ಬ್ಯಾಕ್ಟೀರಿಯಾ ಅದನ್ನ ತಿನ್ನುತ್ತೆ. ಕೊಡು-ಕೊಳ್ಳುವ ವ್ಯವಹಾರ.

ಇದರಲ್ಲೊಂದು ಅಪಾಯವೂ ಇದೆ. ಮರಳಿನೊಳಗೆ ಆಮ್ಲಜನಕ ಇರಲ್ಲ. ಅಲ್ಲಿ ಬದುಕೋ ಎಷ್ಟೋ ಬ್ಯಾಕ್ಟೀರಿಯಾಗಳು ಸಮುದ್ರದ ಸಲ್ಫೇಟ್ ಬಳಸಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡ್ತವೆ. ಬೇರಿಗೆ ಅದು ವಿಷ. ಹುಲ್ಲು ಎಲೆಯಿಂದ ಬೇರಿಗೆ ಆಮ್ಲಜನಕ ಕಳಿಸಿ ಆ ವಿಷವನ್ನ ದೂರ ಇಡುತ್ತೆ. ಸಲ್ಫೈಡನ್ನೇ ಬಳಸಿ ಬದುಕೋ ಬೇರೆ ಬ್ಯಾಕ್ಟೀರಿಯಾಗಳೂ ನೆರವಾಗ್ತವೆ.

ಅಂದ್ರೆ ಸಕ್ಕರೆ, ಆಮ್ಲಜನಕ ಎರಡೂ ಬರೋದು ಎಲೆಯಿಂದ. ಎಲೆಯೇ ಹೋದ್ರೆ?

ಲಕ್ಷದ್ವೀಪದಲ್ಲಿ ಎಲೆ ಹೋಗಿದೆ. ಹಸಿರು ಕಡಲಾಮೆಗಳ ಸಂಖ್ಯೆ ಹೆಚ್ಚಾಗಿ, ಒಂದು ಲಗೂನ್ ಬರಿದಾದ ಮೇಲೆ ಇನ್ನೊಂದನ್ನ ಮೇಯುತ್ತಾ ಹೋದದ್ದನ್ನ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಶೋಧಕರು ವರ್ಷಗಟ್ಟಲೆ ದಾಖಲಿಸಿದ್ದಾರೆ. ಹುಲ್ಲಿನ ನಡುವೆ ಬೆಳೀತಿದ್ದ ಮರಿಮೀನುಗಳಿಗೆ ಆಸರೆ ತಪ್ಪಿದೆ, ಆಮೆಗಳ ಮೇಲೆ ಮೀನುಗಾರರಿಗೆ ಸಿಟ್ಟಿದೆ. ಆಮೆಯೋ, ಕಾನೂನಿನ ರಕ್ಷಣೆ ಇರೋ ಜೀವಿ. ಹಸಿವಾದ್ರೆ ಅದು ಮೇಯೋದೇ.

ಹುಲ್ಲು ಮತ್ತೆ ನೆಟ್ಟರೆ ಸಾಕಾ? ಸಾಕಾಗಲ್ಲ. ಬಡ ನೀರಲ್ಲಿ ಹುಲ್ಲು ಒಂಟಿಯಾಗಿ ಬದುಕಲ್ಲ. ನೆಟ್ಟ ಗಿಡದಲ್ಲಿ ಎಲೆ ಉಳೀಬೇಕು, ಮರಳಿನೊಳಗಿನ ವ್ಯವಹಾರ ಮತ್ತೆ ಶುರುವಾಗಬೇಕು. ಹಸಿರು ಕಾಣೋದು ಆಮೇಲೆ.