ಡಿಸ್ಕ್ ಬರ್ನ್ ಕೈಕೊಟ್ಟಿತೇ? ಎಲ್ಲಿ ನಿಂತಿತು ನೋಡಿ

ಮದುವೆಯ ವಿಡಿಯೊ, ಮಕ್ಕಳ ಬಾಲ್ಯದ ಫೋಟೊ, ಅಜ್ಜಿ ಹೇಳಿದ ಸೋಬಾನೆ ಪದಗಳ ರೆಕಾರ್ಡಿಂಗ್. ಇಂಥವನ್ನು ಡಿವಿಡಿಗೆ ಹಾಕಿಡೋಣವೆಂದು ಕೂತಾಗ ಕೆಲಸ ಅರ್ಧಕ್ಕೆ ನಿಂತು, ಪರದೆಯ ಮೇಲೆ ಎರರ್ ಬಂದು, ಟ್ರೇ ತಾನಾಗಿ ಹೊರಗೆ ಬರುತ್ತದೆ. ಆಗ ಹೆಚ್ಚಿನವರು ಇನ್ನೊಂದು ಖಾಲಿ ಡಿಸ್ಕ್ ಹಾಕಿ ಮತ್ತೆ ಅದೇ ಬಟನ್ ಒತ್ತುತ್ತಾರೆ. ಕಾರಣ ಇದ್ದಲ್ಲೇ ಇರುವುದರಿಂದ ಅದೂ ಹಾಳಾಗುತ್ತದೆ. ಎರಡನೆಯ ಡಿಸ್ಕಿಗೆ ಕೈ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಕೆಲಸ ಯಾವ ಹಂತದಲ್ಲಿ ನಿಂತಿತು? ಶುರುವಾಗುವ ಮೊದಲೇ, ನಡುವೆ, ಕೊನೆಯಲ್ಲಿ, ಇಲ್ಲವೇ ಎಲ್ಲ ಮುಗಿದು ಬೇರೆ ಪ್ಲೇಯರಿಗೆ ಹಾಕಿದಾಗ? ಹಂತ ಗೊತ್ತಾದರೆ ಎಲ್ಲಿ ಹುಡುಕಬೇಕೆಂಬುದೂ ಗೊತ್ತಾಗುತ್ತದೆ.

ಒಳಗೆ ನಡೆಯುವುದೇನು?

ಬರೆಯಬಲ್ಲ ಸಿಡಿ-ಆರ್ ಮತ್ತು ಡಿವಿಡಿ-ಆರ್ ಡಿಸ್ಕಿನೊಳಗೆ ಸಾವಯವ ಬಣ್ಣದ ತೆಳುವಾದ ಪದರವಿರುತ್ತದೆ. ಬರೆಯುವಾಗ ಲೇಸರ್ ಕಿರಣ ಓದುವಾಗಿನದಕ್ಕಿಂತ ಬಹಳ ಹೆಚ್ಚು ಶಕ್ತಿಯಲ್ಲಿ ಹೊಮ್ಮಿ, ಆ ಪದರವನ್ನು ಅಲ್ಲಲ್ಲಿ ಕಾಯಿಸಿ ಗುರುತು ಮೂಡಿಸುತ್ತದೆ. ಒಮ್ಮೆ ಸುಟ್ಟ ಬಣ್ಣ ಮೊದಲಿನಂತಾಗದು; ಆದ್ದರಿಂದಲೇ ಈ ಡಿಸ್ಕ್‌ಗಳು ಒಂದೇ ಬಾರಿ ಬಳಸುವಂಥವು. ಆರ್‌ಡಬ್ಲ್ಯೂ ಡಿಸ್ಕಿನಲ್ಲಿ ಬಣ್ಣದ ಬದಲು ಲೋಹದ ಮಿಶ್ರಣವಿದ್ದು, ಅದನ್ನು ಅಳಿಸಿ ಮತ್ತೆ ಬರೆಯಬಹುದು.

ಬರವಣಿಗೆ ಡಿಸ್ಕಿನ ನಡುವಿನಿಂದ ಶುರುವಾಗಿ ಹೊರಅಂಚಿನ ಕಡೆಗೆ ಸಾಗುತ್ತದೆ. ಅದಕ್ಕೂ ಮೊದಲು ರೈಟರ್ ಒಳಅಂಚಿನಲ್ಲಿ ಅದಕ್ಕೆಂದೇ ಬಿಟ್ಟ ಜಾಗದಲ್ಲಿ ಲೇಸರನ್ನು ಪರೀಕ್ಷಿಸಿ, ಈ ಡಿಸ್ಕಿಗೆ ಎಷ್ಟು ಶಕ್ತಿ ಬೇಕೆಂದು ಅಳೆದುಕೊಳ್ಳುತ್ತದೆ.

ಶುರುವಾಗುವ ಮೊದಲೇ ನಿಂತರೆ

'ಖಾಲಿ ಡಿಸ್ಕ್ ಹಾಕಿ' ಎಂದು ಮತ್ತೆ ಮತ್ತೆ ಕೇಳಿದರೆ, ಅಥವಾ 'ಪವರ್ ಕ್ಯಾಲಿಬ್ರೇಷನ್ ಎರರ್' ಬಂದರೆ, ಡ್ರೈವಿಗೂ ಡಿಸ್ಕಿಗೂ ಹೊಂದಾಣಿಕೆಯಾಗಿಲ್ಲ ಎಂದರ್ಥ. ಮೊದಲು ನಿಮ್ಮ ಡ್ರೈವ್ ಯಾವ ಬಗೆಯದೆಂದು ನೋಡಿ. ಹಳೆಯ ಕಾಂಬೊ ಡ್ರೈವ್‌ಗಳು ಡಿವಿಡಿಯನ್ನು ಓದುತ್ತವೆ, ಆದರೆ ಸಿಡಿಯನ್ನು ಮಾತ್ರ ಬರೆಯುತ್ತವೆ. ಅವುಗಳಲ್ಲಿ ಎಷ್ಟು ಖಾಲಿ ಡಿವಿಡಿ ಹಾಕಿದರೂ ಪ್ರಯೋಜನವಿಲ್ಲ.

ಡ್ರೈವ್ ಸರಿಯಾದದ್ದೇ ಆಗಿದ್ದರೆ ಬೇರೆ ಕಂಪನಿಯ ಡಿಸ್ಕ್ ಹಾಕಿ ನೋಡಿ. ಯಾವ ತಯಾರಕರ ಡಿಸ್ಕಿಗೆ ಹೇಗೆ ಬರೆಯಬೇಕೆಂಬ ಪಟ್ಟಿ ಡ್ರೈವಿನ ಫರ್ಮ್‌ವೇರ್‌ನಲ್ಲಿರುತ್ತದೆ. ಪಟ್ಟಿಯಲ್ಲಿಲ್ಲದ ಡಿಸ್ಕ್ ಬಂದರೆ ರೈಟರ್ ಅಂದಾಜಿನ ಮೇಲೆ ಬರೆಯುತ್ತದೆ. ಅಂಗಡಿಯಲ್ಲಿ ಸಿಗುವ ಡಿಸ್ಕ್ ಎಷ್ಟು ಹಳೆಯದೆಂಬುದೂ ಮುಖ್ಯ. ಖಾಲಿ ಡಿಸ್ಕಿಗೆ ನಮ್ಮ ದೇಶದಲ್ಲೇ ದೊಡ್ಡ ಹೆಸರಾಗಿದ್ದ ಮೋಸರ್ ಬೇರ್ ಕಂಪನಿ 2018ರಲ್ಲಿ ದಿವಾಳಿಯಾಗಿ ಮುಚ್ಚಿತು. ಅದರ ಹೆಸರಿನ ಡಿಸ್ಕ್ ಈಗ ಸಿಕ್ಕಿದರೆ ಅದು ಹಳೆಯ ದಾಸ್ತಾನು. ಬರೆಯದೆ ಇಟ್ಟರೂ ಬಣ್ಣದ ಪದರ ಕಾಲಕ್ರಮದಲ್ಲಿ ಕೆಡುತ್ತದೆ.

ಸಿಡಿ ಸರಿಯಾಗಿ ಬರ್ನ್ ಆಗಿ ಡಿವಿಡಿ ಮಾತ್ರ ಕೆಡುತ್ತಿದ್ದರೆ, ಅದು ಲೇಸರ್ ಸವೆದಿರುವ ಸೂಚನೆ. ಸಿಡಿಗೆ 780 ನ್ಯಾನೊಮೀಟರ್, ಡಿವಿಡಿಗೆ 650 ನ್ಯಾನೊಮೀಟರ್ ತರಂಗಾಂತರದ ಬೆಳಕು ಬೇಕು. ಎರಡರ ಮೂಲ ಬೇರೆಯಾದ್ದರಿಂದ ಒಂದು ಸತ್ತರೂ ಇನ್ನೊಂದು ಕೆಲಸ ಮಾಡಬಹುದು. ಲೆನ್ಸ್ ಕ್ಲೀನರ್ ಡಿಸ್ಕ್ ಹಾಕಿ ಧೂಳು ತೆಗೆದ ಮೇಲೂ ಹಾಗೆಯೇ ಇದ್ದರೆ ಹೊಸ ಡ್ರೈವ್ ಕೊಳ್ಳುವುದೇ ಸರಿ.

'ಜಾಗ ಸಾಲದು' ಎಂದು ನಿಂತರೆ ದೋಷ ಯಾವುದರಲ್ಲೂ ಇಲ್ಲ. ಡಿವಿಡಿಯ ಮೇಲೆ 4.7 ಜಿಬಿ ಎಂದು ಬರೆದಿದ್ದರೂ ವಿಂಡೋಸ್ ಅದನ್ನು ಸುಮಾರು 4.38 ಎಂದೇ ತೋರಿಸುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದೇ ಇದಕ್ಕೆ ಕಾರಣ. ಒಟ್ಟು ಫೈಲುಗಳನ್ನು 4.3 ಜಿಬಿಯೊಳಗೆ ಇಟ್ಟುಕೊಳ್ಳಿ.

ನಡುವೆ ನಿಂತರೆ

16 ಎಕ್ಸ್ ವೇಗದಲ್ಲಿ ಡಿವಿಡಿಗೆ ಸೆಕೆಂಡಿಗೆ ಸುಮಾರು 22 ಎಂಬಿ ಮಾಹಿತಿ ಹರಿಯಬೇಕು. ಡ್ರೈವಿನಲ್ಲಿರುವ ಬಫರ್ ಎಂಬ ಪುಟ್ಟ ಮೆಮೊರಿ ಮನೆಯ ಮೇಲಿನ ನೀರಿನ ಟ್ಯಾಂಕಿನಂತೆ: ಮೇಲಿನಿಂದ ತುಂಬುತ್ತಿರಬೇಕು, ಕೆಳಗೆ ನಲ್ಲಿ ಹರಿಯುತ್ತಿರಬೇಕು. ಹಿಂದೆ ಇದು ಬರಿದಾದರೆ ಡಿಸ್ಕ್ ಅಲ್ಲಿಗೇ ಹಾಳು. ಸುಮಾರು 2000ದಲ್ಲಿ ಸ್ಯಾನ್ಯೊ ಕಂಪನಿ 'ಬರ್ನ್ ಪ್ರೂಫ್' ತಂತ್ರವನ್ನು ತಂದ ಮೇಲೆ ಲೇಸರ್ ನಿಂತು, ಬಫರ್ ತುಂಬಿದ ನಂತರ ಬಿಟ್ಟಲ್ಲಿಂದ ಮುಂದುವರಿಯುವುದು ಸಾಧ್ಯವಾಯಿತು. ಹಾಗೆಂದು ಅದು ಮೇಲಿಂದ ಮೇಲೆ ನಿಲ್ಲುವಂತಾಗಬಾರದು. ಪೆನ್‌ಡ್ರೈವ್, ಮೊಬೈಲ್ ಅಥವಾ ನೆಟ್‌ವರ್ಕ್‌ನಿಂದ ನೇರವಾಗಿ ಬರ್ನ್ ಮಾಡದೆ, ಫೈಲುಗಳನ್ನು ಮೊದಲು ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಕಂಪ್ಯೂಟರ್ ನಡುವೆ ನಿದ್ದೆಗೆ ಹೋಗದಂತೆ ಸೆಟ್ಟಿಂಗ್ ಬದಲಿಸಿ.

ಯಾವಾಗಲೂ ಕೊನೆಯ ಭಾಗದಲ್ಲೇ, ಶೇಕಡಾ 80-90ರ ಹೊತ್ತಿಗೆ ಎರರ್ ಬರುತ್ತಿದ್ದರೆ ಡಿಸ್ಕಿನ ಹೊರಅಂಚಿನ ಗುಣಮಟ್ಟವನ್ನು ಶಂಕಿಸಿ. ಅಗ್ಗದ ಡಿಸ್ಕ್‌ಗಳಲ್ಲಿ ಪದರ ಅಂಚಿನ ಬಳಿ ಸಮನಾಗಿರುವುದಿಲ್ಲ. ವೇಗ ತಗ್ಗಿಸಿ: 16 ಎಕ್ಸ್ ಎಂದಿರುವ ಡಿವಿಡಿಗೆ 8 ಎಕ್ಸ್ ಒಳ್ಳೆಯದು. ಅತಿ ಕಡಿಮೆ ವೇಗವೇ ಅತಿ ಸುರಕ್ಷಿತವೆಂದೇನಿಲ್ಲ. ಆಯಾ ಡಿಸ್ಕಿಗೆ ಹೊಂದಿಸಿದ ವೇಗಗಳಲ್ಲಿ ನಡುವಿನದನ್ನು ಆರಿಸಿ.

ಯುಎಸ್‌ಬಿಯ ಹೊರಡ್ರೈವ್ ಆಗಿದ್ದರೆ ವಿದ್ಯುತ್ತೇ ಮೊದಲ ಶಂಕೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ ಕರೆಂಟ್ 500 ಮಿಲಿಆಂಪ್. ಬರೆಯುವಾಗ ಡ್ರೈವ್ ಅದಕ್ಕಿಂತ ಹೆಚ್ಚು ಎಳೆಯಬಹುದು. ಓದುವುದೆಲ್ಲ ಸರಿಯಾಗಿದ್ದು ಬರೆಯುವಾಗ ಮಾತ್ರ ಡ್ರೈವ್ ಮಾಯವಾದರೆ ಹಬ್ ತೆಗೆದು, ಸಿಪಿಯು ಹಿಂಬದಿಯ ಪೋರ್ಟಿಗೆ ನೇರವಾಗಿ ಹಾಕಿ. ಕಂಪ್ಯೂಟರಿನ ಬದಿಗೆ ಎರಡು ಯುಎಸ್‌ಬಿ ತುದಿಗಳಿರುವ ಕೇಬಲ್ ಕೊಟ್ಟಿದ್ದರೆ ಎರಡನ್ನೂ ಜೋಡಿಸಿ. ಕರೆಂಟ್ ಹೋಗಿ ಬರುವ ಊರಿನಲ್ಲಿ ಯುಪಿಎಸ್ ಇಲ್ಲದೆ ಬರ್ನ್ ಶುರು ಮಾಡಬೇಡಿ.

ಕೊನೆಯಲ್ಲಿ ಸಿಕ್ಕಿಕೊಂಡರೆ

ಪರದೆಯ ಮೇಲೆ ನೂರಕ್ಕೆ ನೂರು ಬಂದರೂ ಕೆಲಸ ಮುಗಿದಿರುವುದಿಲ್ಲ. ಡಿಸ್ಕಿನಲ್ಲಿ ಏನೆಲ್ಲ ಎಲ್ಲಿದೆ ಎಂಬ ವಿವರ ಬರೆದು ಮುಚ್ಚುವ 'ಫೈನಲೈಸ್' ಹಂತ ಬಾಕಿಯಿರುತ್ತದೆ. ಅದಕ್ಕೆ ಕೆಲವು ನಿಮಿಷ ಹಿಡಿಯಬಹುದು. ಬೇಸರಪಟ್ಟು ಟ್ರೇ ಬಟನ್ ಒತ್ತಿದರೆ ಬರೆದದ್ದೆಲ್ಲ ವ್ಯರ್ಥವಾಗಬಹುದು. ಮುಚ್ಚದೆ ಉಳಿದ ಡಿಸ್ಕ್ ನಿಮ್ಮ ಕಂಪ್ಯೂಟರಿನಲ್ಲಿ ತೆರೆದರೂ ಟಿವಿಯ ಪ್ಲೇಯರಿನಲ್ಲಿ ತೆರೆಯದು. ಅನೇಕ ಬಾರಿ, ಬರೆಯಲು ಬಳಸಿದ ಸಾಫ್ಟ್‌ವೇರಿನಲ್ಲೇ ಅದನ್ನು ಮತ್ತೆ ಹಾಕಿ ಮುಚ್ಚಬಹುದು.

ಬರ್ನ್ ಆಯಿತು, ಆದರೆ ಬೇರೆಡೆ ಓಡುತ್ತಿಲ್ಲ

ಇಲ್ಲಿ ಯಂತ್ರಕ್ಕಿಂತ ನಾವು ಆರಿಸಿದ ವಿಧಾನವನ್ನು ಪರೀಕ್ಷಿಸಬೇಕು. ಖಾಲಿ ಡಿಸ್ಕ್ ಹಾಕಿದಾಗ ವಿಂಡೋಸ್ ಎರಡು ಆಯ್ಕೆ ಕೊಡುತ್ತದೆ: ಪೆನ್‌ಡ್ರೈವ್‌ನಂತೆ ಬಳಸುವುದು, ಅಥವಾ ಸಿಡಿ/ಡಿವಿಡಿ ಪ್ಲೇಯರಿನ ಜೊತೆ ಬಳಸುವುದು. ಮೊದಲನೆಯದನ್ನು ಆರಿಸಿದರೆ ಕಾರಿನ ಸ್ಟೀರಿಯೊ, ಹಳೆಯ ಪ್ಲೇಯರ್‌ಗಳು ಓದದಿರಬಹುದು. ಎರಡನೆಯದರಲ್ಲಿ ಫೈಲುಗಳನ್ನು ಎಳೆದು ಬಿಟ್ಟರೆ ಅವು ಕಾಣುತ್ತವೆ ಅಷ್ಟೆ. 'ಬರ್ನ್' ಒತ್ತುವವರೆಗೆ ಡಿಸ್ಕ್ ಖಾಲಿಯೇ ಇರುತ್ತದೆ.

ಐಎಸ್‌ಒ ಫೈಲನ್ನು ಮಾಮೂಲಿ ಫೈಲಿನಂತೆ ಕಾಪಿ ಮಾಡುವುದೂ ಸಾಮಾನ್ಯ ತಪ್ಪು. ಅದು ಇಡೀ ಡಿಸ್ಕಿನ ಪ್ರತಿರೂಪ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಬರ್ನ್ ಡಿಸ್ಕ್ ಇಮೇಜ್' ಆರಿಸಬೇಕು. ವಿಂಡೋಸ್ 7ರಿಂದ ಈ ಸೌಲಭ್ಯವಿದೆ. ಹಾಗೆಯೇ ಎಂಪಿ4 ವಿಡಿಯೊವನ್ನು ಬರಿದೇ ಕಾಪಿ ಮಾಡಿದರೆ ಹಳೆಯ ಡಿವಿಡಿ ಪ್ಲೇಯರಿನಲ್ಲಿ ಓಡದು. ಅದಕ್ಕೆ ಡಿವಿಡಿ-ವಿಡಿಯೊ ಮಾದರಿಗೆ ಬದಲಿಸುವ ಸಾಫ್ಟ್‌ವೇರ್ ಬೇಕು. ಎಂಪಿ3 ಓದದ ಸ್ಟೀರಿಯೊಗೆ ಆಡಿಯೊ ಸಿಡಿಯಾಗಿಯೇ ಬರೆಯಬೇಕು. ಅದರಲ್ಲಿ ಹಿಡಿಸುವುದು 80 ನಿಮಿಷ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಇನ್ನೊಂದು ಮಾತು. ಸಾಮಾನ್ಯವಾಗಿ ಬಳಸುವ ಜೋಲಿಯೆಟ್ ಪದ್ಧತಿಯಲ್ಲಿ ಹೆಸರಿಗೆ 64 ಸಂಕೇತಗಳ ಮಿತಿಯಿದೆ. ನಮಗೆ 'ಶ್ರೀ' ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಶಕಾರ, ಹಲಂತ, ರಕಾರ, ಈಕಾರ ಎಂದು ನಾಲ್ಕು. ಆದ್ದರಿಂದ ಕನ್ನಡದ ಹೆಸರು ಬೇಗ ಮಿತಿ ಮುಟ್ಟಿ ತುಂಡಾಗುತ್ತದೆ. ಚಿಕ್ಕ ಹೆಸರಿಡಿ, ವಿವರವನ್ನು ಫೋಲ್ಡರಿನೊಳಗೆ ಒಂದು ಟಿಪ್ಪಣಿಯಾಗಿ ಬರೆದಿಡಿ.

ಹುಡುಕುವ ಕ್ರಮ

ಒಂದು ಬಾರಿಗೆ ಒಂದನ್ನೇ ಬದಲಿಸಿ. ಡಿಸ್ಕ್, ವೇಗ, ಕೇಬಲ್, ಸಾಫ್ಟ್‌ವೇರ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಪರೀಕ್ಷೆಗೆ ಆರ್‌ಡಬ್ಲ್ಯೂ ಡಿಸ್ಕ್ ಬಳಸಿದರೆ ನಷ್ಟವಿಲ್ಲ. ಇಮ್‌ಗ್‌ಬರ್ನ್‌ನಂಥ ಉಚಿತ ಸಾಫ್ಟ್‌ವೇರಿನ ಟೆಸ್ಟ್ ಮೋಡ್‌ನಲ್ಲಿ ಲೇಸರ್ ಹೊತ್ತಿಸದೆ ಇಡೀ ಕೆಲಸವನ್ನು ನಡೆಸಿ ನೋಡಬಹುದು. ಆದರೆ ಡಿವಿಡಿ+ಆರ್ ಡಿಸ್ಕಿಗೆ ಈ ಅನುಕೂಲವಿಲ್ಲ.

ಬರ್ನ್ ಮುಗಿದ ಮೇಲೆ 'ವೆರಿಫೈ' ಆಯ್ಕೆಯನ್ನು ಬಿಡಬೇಡಿ. ಬರೆದದ್ದನ್ನು ಮೂಲದೊಂದಿಗೆ ಹೋಲಿಸಿ ನೋಡುವ ಈ ಕೆಲಸಕ್ಕೆ ಇನ್ನಷ್ಟು ಸಮಯ ಹಿಡಿದರೂ ಅದು ಸಾರ್ಥಕ. ನಂತರ ಬೇರೊಂದು ಕಂಪ್ಯೂಟರಿನಲ್ಲೋ ಪ್ಲೇಯರಿನಲ್ಲೋ ಡಿಸ್ಕ್ ಹಾಕಿ, ಕೊನೆಯ ಫೈಲುಗಳನ್ನೂ ತೆರೆದು ನೋಡಿ. ಸಿಡಿಯ ಮಾಹಿತಿ ಪದರ ಹೆಸರು ಬರೆಯುವ ಬದಿಯ ಮೇಲ್ಮೈಯ ಕೆಳಗೇ ಇರುವುದರಿಂದ ಬಾಲ್‌ಪೆನ್ ಒತ್ತಿ ಬರೆಯದೆ, ಮೆತ್ತನೆಯ ತುದಿಯ ಮಾರ್ಕರ್ ಬಳಸಿ. ಎರಡು ಬೇರೆ ಕಂಪನಿಗಳ ಡಿಸ್ಕಿನಲ್ಲಿ ಎರಡು ಪ್ರತಿ ಮಾಡಿ, ಎರಡೂ ಓದುತ್ತಿವೆ ಎಂದು ಖಚಿತವಾದ ಮೇಲೂ ಹಾರ್ಡ್‌ಡಿಸ್ಕಿನಲ್ಲಿರುವ ಮೂಲವನ್ನು ಅಳಿಸಬೇಡಿ. ಮನೆಯವರ ದನಿ, ಮುಖಗಳನ್ನು ಮತ್ತೆ ರೆಕಾರ್ಡ್ ಮಾಡಲಾಗದು. ಅವು ಒಂದೇ ಡಿಸ್ಕನ್ನು ನಂಬಿಕೊಂಡು ಉಳಿಯುವಂತಾಗಬಾರದು.